ಗಾಂಚೊ ಬಿಟ್ಟ ಎಂಟನೇ ತಂತಿ

ರೂಸೆ ಪಟ್ಟಣದ ಸಂತೆಬೀದಿಯಲ್ಲಿ ಟಿವಿಗೂ ವಿಡಿಯೊ ಪ್ಲೇಯರಿಗೂ ನಡುವೆ ಹಾಕುವ ಸ್ಕಾರ್ಟ್ ವೈರನ್ನು ಕೈಯಾರೆ ಬೆಸೆದು ಮಾರುತ್ತಿದ್ದವನು ಗಾಂಚೊ ಒಬ್ಬನೇ. ಇಪ್ಪತ್ತೊಂದು ಹಲ್ಲಿನ ಆ ಅಗಲ ಬಾಯಿಗೆ ಅಂಗಡಿಯವರು ನಾಲ್ಕೈದು ತಂತಿ ಸಿಗಿಸಿ ಕೊಡುತ್ತಾರೆ, ಕಳ್ಳನನ್ನಮಕ್ಕಳು, ಎಂದು ಬೈಯುವುದರಲ್ಲೇ ಹನ್ನೆರಡು ವರ್ಷ ಕಳೆದಿದ್ದ. ತಾನು ಮಾತ್ರ ಎಲ್ಲವನ್ನೂ ಬೆಸೆಯುತ್ತಿದ್ದ, ಎಂಟನೆಯದೊಂದನ್ನು ಬಿಟ್ಟು.

ಪ್ಲೇಯರ್ ಹಾಕಿದೊಡನೆ ಟಿವಿಯನ್ನು ಚಾನೆಲಿನಿಂದ ಕ್ಯಾಸೆಟ್ಟಿಗೆ ತಾನಾಗಿ ತಿರುಗಿಸುವ ತಂತಿ ಅದು. ಹಿಂದೊಮ್ಮೆ ಗಾಂಚೊ ಫುಟ್‌ಬಾಲ್ ನೋಡುತ್ತಿದ್ದಾಗ ಹೆಂಡತಿ ಕ್ಯಾಸೆಟ್ ಸುತ್ತಲು ಪ್ಲೇಯರ್ ಒತ್ತಿದಳು. ಪರದೆ ಕ್ಯಾಸೆಟ್ಟಿಗೆ ಹಾರಿ ಗೋಲು ಕಣ್ತಪ್ಪಿ ಹೋಯಿತು. ಅಂದಿನಿಂದ ಊರಿಗೇ ಎಂಟನೇ ತಂತಿ ಇಲ್ಲ. ಗಿರಾಕಿಗಳನ್ನು ಒಂದು ಮಾತು ಕೇಳಲಿಲ್ಲ.

ಒಂದು ಬೆಳಿಗ್ಗೆ ಮುದುಕಿ ತ್ಸೋನಾ ಬಂದು ವೈರನ್ನು ಅವನ ಮೇಜಿಗೆ ಬೀಸಿ ಒಗೆದಳು.

"ಲೋ ಗಾಂಚೊ, ನಿನ್ನ ವೈರ್‌ಗೆ ಬೆಂಕಿ ಬೀಳ! ಇವತ್ತು ನನ್ನ ಗಂಡ ಪೆಂಚೊ ಸತ್ತ ನಲವತ್ತನೇ ದಿನ. ಮನೆ ತುಂಬ ನೆಂಟರು. ಅವನ್ನ ಹಿಡಿದಿರೋ ಕ್ಯಾಸೆಟ್ ಹಾಕಿದ್ರೆ ಪೆಂಚೊ ಇಲ್ಲ, ಹವಾಮಾನ ಹೇಳೋಳು ನಿಂತವ್ಳೆ!"

"ರಿಮೋಟಲ್ಲಿ ವಿಡಿಯೊ ಗುಂಡಿ ಒತ್ತಜ್ಜಿ."

"ರಿಮೋಟನ್ನ ಪೆಂಚೊ ಹೋದ ವರ್ಷವೇ ಗೋಡೆಗೆ ಹೊಡ್ದ. ಟಿವಿ ಮೇಲೆ ಆ ಗುಂಡಿ ಇಲ್ಲ."

"ಹಂಗಾದ್ರೆ ನಿನ್ನ ಟಿವಿ ದರಿದ್ರದ್ದು. ನನ್ನ ವೈರಲ್ಲಿ ತಪ್ಪು ಬರಲ್ಲ."

"ಬರಲ್ವಾ? ನನ್ನಳಿಯ ಬಿಚ್ಚಿ ಎಣಿಸವ್ನೆ. ಒಂದು ತಂತಿ ಕಮ್ಮಿ! ಗಾಂಚೊನೂ ಕಳ್ಳ ಅಂತ ಇಡೀ ಸಂತೇಲಿ ಸಾರ್ತೀನಿ ನೋಡು!"

ಕಳ್ಳ! ಗಾಂಚೊನ ಕಿವಿ ಕೆಂಪಾಯಿತು. ಬೆಸುಗೆ ಕಡ್ಡಿಯನ್ನೂ ವೈರನ್ನೂ ಎತ್ತಿಕೊಂಡು ಮುದುಕಿಗಿಂತ ಮುಂದೆ ಅವಳ ಮನೆಗೆ ನಡೆದ. ನೆಂಟರ ನಡುವೆಯೇ, ತಿಥಿಗೆಂದು ಬೇಯಿಸಿಟ್ಟ ಗೋಧಿಯ ತಟ್ಟೆ ಸರಿಸಿ, ವೈರಿನ ಎರಡೂ ತುದಿ ಬಿಚ್ಚಿ ಎಂಟನೇ ತಂತಿ ಬೆಸೆದ. ಹೊಗೆಗೆ ಯಾರೋ ಕೆಮ್ಮಿದರು.

"ಸಾಯ್ರಿ," ಎಂದು ಪ್ಲೇಯರ್ ಒತ್ತಿದ.

ಹವಾಮಾನದವಳು ಮಾಯವಾದಳು. ಪರದೆ ಮೇಲೆ ಪೆಂಚೊ ಬಂದ, ಕೈಯಲ್ಲಿ ಗ್ಲಾಸು, ಮುಖ ಟೊಮ್ಯಾಟೊ. "ಆ ಗಾಂಚೊ ಇದಾನಲ್ಲ, ಬಾಯಿಬಡಕ ಮುಠ್ಠಾಳ! ಅವನ ವೈರು ಯಾರೂ ತಗೋಬೇಡ್ರಿ!"

ನೆಂಟರು ಬಿದ್ದು ಬಿದ್ದು ನಕ್ಕರು. ತ್ಸೋನಾ ಅಂಗಿಯ ತೋಳಲ್ಲೇ ಕಣ್ಣೊರೆಸಿಕೊಂಡಳು.

"ಕಳ್ಳ ಅಲ್ಲ ಬಿಡು, ಬರೀ ಕತ್ತೆ," ಎಂದು ಗೋಧಿಯ ಚಮಚ ಅವನ ಬಾಯಿಗೇ ಹಿಡಿದಳು. "ತಿನ್ನು. ತಿಂದೋರು ಸತ್ತೋನಿಗಾಗಿ ಏನನ್ನಬೇಕು ಗೊತ್ತಲ್ಲ, ಅನ್ನು."

ಗಾಂಚೊ ಟಿವಿಯನ್ನೇ ದುರುಗುಟ್ಟಿ ನೋಡುತ್ತ ಜಗಿದು ನುಂಗಿದ.

"ದೇವರು ಅವನನ್ನ ಕ್ಷಮಿಸಲಿ," ಎಂದ. "ನಾನು ಕ್ಷಮಿಸಲ್ಲ."