ಮುಯ್ಯಿಗೆ ರಸೀದಿ ಇಲ್ಲ

ನನ್ನ ಹೆಸರು ಕೆಡಿಸಿದವರು ಕಳ್ಳರಲ್ಲ. ಬ್ಯಾಂಕಿನವರಲ್ಲ, ನನ್ನ ಸೊಸೆಯೂ ಅಲ್ಲ. ಕಾರ್ಯದ ಮನೆಯಲ್ಲಿ ಇಡುವ ಒಂದು ಮುಯ್ಯಿ ಕೆಡಿಸಿತು. ಅಷ್ಟೇ ನಡೆದದ್ದು. ಅದು ಗೊತ್ತಾಗುವ ತನಕ ಎಲ್ಲರನ್ನೂ ಅನುಮಾನದಿಂದಲೇ ನೋಡಿದೆ. ಅದಕ್ಕೆ ನನಗೇನೂ ನಾಚಿಕೆಯಿಲ್ಲ. ಅನುಮಾನ ಪಡದೆ ಬಿಟ್ಟ ಒಂದೇ ಕಡೆಯಲ್ಲಿ ತಾನೇ ನನಗೆ ಏಟು ಬಿದ್ದದ್ದು.

ನಮ್ಮದು ಕ್ಯಾಲನೂರು ಕಡೆ. ಮನೆಯಲ್ಲಿ ಒಂದು ಸೀಮೆಹಸು, ಅದರ ಹಾಲು ಡೈರಿಗೆ. ಅದಕ್ಕೂ ವಯಸ್ಸಾಯಿತು, ನನ್ನ ಹಾಗೆ. ಶ್ರೀನಿವಾಸಪುರದ ಹತ್ತಿರ ಒಬ್ಬನ ಬಳಿ ಎರಡನೇ ಸೂಲಿನ ಹಸು ಮಾರಾಟಕ್ಕಿತ್ತು. ಹಲ್ಲು ನೋಡಿದೆ, ಕೆಚ್ಚಲು ನೋಡಿದೆ, ನಾನೇ ಕೂತು ಹಾಲು ಕರೆದೂ ನೋಡಿದೆ. ಮನಸ್ಸಿಗೆ ಬಂತು. "ಯುಗಾದಿ ತನಕ ಇನ್ಯಾರಿಗೂ ಕೊಡಲ್ಲ ಕಣಮ್ಮ" ಎಂದ. ಅರ್ಧ ದುಡ್ಡು ಹಾಲಿನ ಉಳಿತಾಯದಲ್ಲಿತ್ತು. ಇನ್ನರ್ಧ ಸಾಲ ಕೇಳಲು ಸೊಸೆಯನ್ನು ಕರೆದುಕೊಂಡು ಕೋಲಾರದ ಬ್ಯಾಂಕಿಗೆ ಹೋದೆ.

ಮ್ಯಾನೇಜರು ಕಂಪ್ಯೂಟರ್ ನೋಡಿದ. "ಅಜ್ಜಿ, ನಿಮ್ಮ ಸ್ಕೋರು ತೀರಾ ಕಮ್ಮಿ ಇದೆ. ಸಾಲ ಕೊಡಕ್ಕಾಗಲ್ಲ."

"ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟೋಳಪ್ಪ ನಾನು. ಪರೀಕ್ಷೆನೇ ಬರೀದೆ ಇರೋಳನ್ನ ಯಾರು ಫೇಲ್ ಮಾಡಿದ್ದು?"

ಅವನು ಬಿಡಿಸಿ ಹೇಳಿದ. ಯಾರು ಎಲ್ಲಿ ಸಾಲ ತೆಗೆದರೂ, ಕಂತು ಕಟ್ಟಿದರೂ ಬಿಟ್ಟರೂ, ಅದನ್ನೆಲ್ಲ ಬರೆದಿಡುವ ಕಂಪನಿಗಳಿವೆಯಂತೆ. ಅವರು ಹಾಕುವ ಅಂಕಿ ನೋಡಿ ಬ್ಯಾಂಕಿನವರು ಸಾಲ ಕೊಡುತ್ತಾರಂತೆ. ನನ್ನ ಹೆಸರಿನಲ್ಲಿ ಯಾವುದೋ ಹಳೆಯ ಸಾಲ ತೀರದೆ ನಿಂತಿದೆ. "ನಿಮ್ಮ ರಿಪೋರ್ಟ್ ತೆಗೆಸಿ ನೋಡಿ, ಮೊದಲು ಅದನ್ನ ಸರಿಮಾಡ್ಕೊಳ್ಳಿ" ಎಂದ.

ನಾನು ಯಾವ ಸಾಲವನ್ನೂ ಉಳಿಸಿಕೊಂಡಿರಲಿಲ್ಲ. ಬಸ್ಸಿನಲ್ಲಿ ಸೊಸೆಯ ಮುಖ ನೋಡಿದೆ. ನನ್ನ ಆಧಾರ್ ಕಾರ್ಡು ಇರುವುದು ಅವಳ ಬ್ಯಾಗಿನಲ್ಲಿ. ಫೋನಿಗೆ ಬರುವ ನಂಬರು ಓದುವವಳೂ ಅವಳೇ. ವೇಮಗಲ್ಲಿನ ಫ್ಯಾಕ್ಟರಿಗೆ ಹೋಗುತ್ತಾಳೆ, ನನಗೆ ಗೊತ್ತಿಲ್ಲದ ಹತ್ತು ಜನ ಅವಳಿಗೆ ಗೊತ್ತು. ಮನೆಗೆ ಬಂದ ಮೇಲೆ ಕಾರ್ಡು ಈಸಿಕೊಂಡು ರಾಗಿ ಡಬ್ಬದೊಳಗೆ ಹೂತಿಟ್ಟೆ.

"ಯಾಕತ್ತೆ, ನನ್ ಮೇಲೆ ಡೌಟಾ?" ಎಂದಳು.

"ಎಲ್ಲರ ಮೇಲೂ ಇದೆ. ನೀನೊಬ್ಬಳೇ ಏನು ಸ್ಪೆಷಲ್ಲಾ?"

ಅಷ್ಟರಲ್ಲಿ ಡೈರಿಯಲ್ಲಿ ಹಾಲು ಹಾಕುವಾಗ ಒಬ್ಬರು, ಮಾಲೂರಿನಲ್ಲಿ ಸ್ಕೋರು ರಿಪೇರಿ ಮಾಡುವವನೊಬ್ಬ ಇದ್ದಾನೆ ಎಂದರು. ಸೊಸೆಗೆ ಹೇಳದೆ ಹೋದೆ. ರೈಲ್ವೆ ಸ್ಟೇಷನ್ನಿನ ಕಡೆ ಒಂದು ಸಣ್ಣ ಅಂಗಡಿ. ಒಳಗೆ ಎರಡು ಕುರ್ಚಿ, ಒಂದು ಫ್ಯಾನು, ಸಾಯಿಬಾಬಾ ಫೋಟೋ. ಅವನು ನನ್ನನ್ನು ಕೂರಿಸಿದ ಮರ್ಯಾದೆ ನೋಡಿಯೇ ಸೆರಗಿನ ಗಂಟನ್ನು ಮಡಿಲೊಳಗೆ ಸಿಕ್ಕಿಸಿಕೊಂಡೆ. ಕೇಳುವ ಮೊದಲೇ ಟೀ ತರಿಸಿದ.

"ಐದು ಸಾವಿರ ಕೊಡಿ ಅಜ್ಜಿ, ಫೋನಿಗೆ ಬರೋ ಓಟಿಪಿ ಹೇಳಿ. ಹಳೇದೆಲ್ಲ ಅಳಿಸಿಬಿಡ್ತೀನಿ. ಹದಿನೈದು ದಿನದಲ್ಲಿ ಸ್ಕೋರು ಎಲ್ಲೋ ಮೇಲಕ್ಕೆ ಹೋಗ್ತದೆ."

"ನಿಜವಾಗ್ಲೂ ಸಾಲ ಉಳಿಸ್ಕೊಂಡಿದ್ರೆ?"

"ಅದೂ ಅಳಿಸ್ತೀನಿ."

"ಹಂಗಾದ್ರೆ ಕಟ್ಟೋರೆಲ್ಲ ಯಾಕೆ ಕಟ್ತಾರೆ? ಸರಿ, ನಿನ್ನ ಸ್ಕೋರು ಎಷ್ಟು, ತೋರ್ಸು."

ಅವನು ಫ್ಯಾನಿನ ಕಡೆ ನೋಡಿದ. "ನಂದು ಈಗ್ಯಾಕೆ ಬಿಡಿ ಅಜ್ಜಿ" ಎಂದ. ಟೀ ಕುಡಿದು ಎದ್ದುಬಂದೆ. ಟೀ ಚೆನ್ನಾಗಿತ್ತು.

ಆವತ್ತು ಸಂಜೆ ಸೊಸೆ ಫ್ಯಾಕ್ಟರಿಯಿಂದ ಬಂದು ಕಾಲು ತೊಳೆಯುವ ಮೊದಲೇ ಕೇಳಿದಳು. "ಮಾಲೂರಿಗೆ ಹೋಗಿದ್ರಂತೆ? ದುಡ್ಡು ಕೊಟ್ರಾ?" ಯಾರು ಹೇಳಿದರೋ. ಇಲ್ಲ ಎಂದೆ. "ಬಿಡಿ, ಸದ್ಯ. ಆ ರಿಪೋರ್ಟ್ ವರ್ಷಕ್ಕೊಂದ್ಸಲ ಬಿಟ್ಟಿ ಕೊಡ್ತಾರೆ ಅತ್ತೆ. ಫೋನಲ್ಲೇ ತೆಗೀಬೋದು. ಕಾರ್ಡು ಕೊಡಿ."

"ಬಿಟ್ಟಿ ಯಾಕೆ ಕೊಡ್ತಾರೆ?"

"ನಮ್ ಹೆಸರಲ್ಲಿ ಏನು ಬರ್ದಿದಾರೆ ಅಂತ ನಮಗೆ ತೋರ್ಸಲೇಬೇಕು, ಅದಕ್ಕೆ."

ಮಾತು ಸರಿಯೆನಿಸಿತು. ಆದರೂ ಕಾರ್ಡನ್ನು ಅವಳ ಕೈಗೆ ಕೊಡದೆ ನಾನೇ ಹಿಡಿದು ತೋರಿಸಿದೆ. ಕಾರ್ಡಿಗೆ ರಾಗಿ ಧೂಳು ಮೆತ್ತಿತ್ತು. ಅವಳು ಬೆರಳಿನಿಂದ ಒರೆಸಿ ನಂಬರು ಒತ್ತಿದಳು, ಬಂದದ್ದನ್ನು ಓದಿದಳು. ನನ್ನ ಹೆಸರಿನಲ್ಲಿ ಇದ್ದದ್ದು ಒಂದೇ ಸಾಲ. ಹಿಂದೆ ಹೆಂಗಸರ ಸಂಘದಲ್ಲಿ ಫೈನಾನ್ಸ್ ಕಂಪನಿಯಿಂದ ತೆಗೆದದ್ದು. ಕೊನೆಯ ಕಂತುಗಳು ಕಟ್ಟಿಲ್ಲ ಎಂದಿತ್ತು. ಸೊಸೆಯ ಮೇಲಿನ ಅನುಮಾನ ಅಲ್ಲಿಗೆ ವಾಪಸ್ ತೆಗೆದುಕೊಂಡೆ. ಬಾಯಿಬಿಟ್ಟು ಹೇಳಲಿಲ್ಲ.

"ಇದು ಸುಳ್ಳಾಗಿದ್ರೆ ತಕರಾರು ಹಾಕ್ಬೋದು, ಸರಿಮಾಡ್ತಾರೆ" ಎಂದಳು. "ಕಟ್ಟಿದ್ದಕ್ಕೆ ರಸೀದಿ ಬೇಕು."

ರಸೀದಿ ಎಲ್ಲಿಂದ ಬರಬೇಕು? ಆ ಕೊನೆಯ ಕಂತುಗಳನ್ನು ನಾನು ಕಟ್ಟಿರಲಿಲ್ಲ. ನಮ್ಮ ಸಂಘದ ಲೀಡರು ಕಟ್ಟುತ್ತೇನೆ ಎಂದಿದ್ದಳು. ಅವಳ ಮಗಳ ಮದುವೆಗೆ ನಾನು ಹಿತ್ತಾಳೆ ಬಿಂದಿಗೆ ಇಟ್ಟು, ಮೇಲೆ ದುಡ್ಡೂ ಇಟ್ಟು ಮುಯ್ಯಿ ಮಾಡಿದ್ದೆ. ನಮ್ಮ ಕಡೆ ಬಂದ ಮುಯ್ಯಿಯನ್ನು ಯಾರೂ ಮರೆಯುವುದಿಲ್ಲ. ಕೊಟ್ಟವರ ಮನೆಯಲ್ಲಿ ಕಾರ್ಯವಾದಾಗ ಒಂದು ರೂಪಾಯಿ ಹೆಚ್ಚಿಟ್ಟು ತೀರಿಸುತ್ತಾರೆ. ನಮ್ಮ ಮನೆಯ ಗೃಹಪ್ರವೇಶಕ್ಕೆ ಅವಳು ಬರಿಗೈಯಲ್ಲಿ ಬಂದು, ಅಡಿಗೆಮನೆ ಬಾಗಿಲಲ್ಲಿ ನನ್ನ ಕಿವಿಯಲ್ಲಿ ಹೇಳಿದಳು: "ಕೈಯಲ್ಲಿ ಕಾಸಿಲ್ಲ ಅಕ್ಕ. ಸಂಘದಲ್ಲಿ ನಿನ್ನ ಕಂತು ಉಳಿದಿದಾವಲ್ಲ, ಅವನ್ನ ನಾನು ಕಟ್ತೀನಿ. ಅದೇ ನನ್ನ ಮುಯ್ಯಿ ಅನ್ಕೋ." ಅನ್ಕೊಂಡೆ. ಆಮೇಲೆ ಸಂಘ ಮುರಿಯಿತು, ಅವಳು ಮುಳಬಾಗಿಲಿಗೆ ಮಗನ ಮನೆಗೆ ಹೋದಳು, ಕಲೆಕ್ಷನ್ನಿನವನು ಊರಿಗೆ ಬರುವುದು ನಿಲ್ಲಿಸಿದ.

ಭಾನುವಾರ ಸೊಸೆಯ ಜೊತೆ ಮುಳಬಾಗಿಲಿಗೆ ಹೋದೆ. ಲೀಡರು ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನನ್ನನ್ನು ನೋಡಿ ಮೊರ ಪಕ್ಕಕ್ಕಿಟ್ಟಳು. "ರಾ ಅಕ್ಕ, ಕೂಚೋ" ಎಂದು ತೆಲುಗಿನಲ್ಲಿ ಕರೆದು ಕೂರಿಸಿದಳು.

ಕೂತೆ. "ನನ್ನ ಕಂತು ಕಟ್ಟಿದ್ಯೇನೇ?"

"ಕಟ್ಟಿದೀನಿ. ನನ್ನ ಮಗಳಾಣೆ."

"ಆಣೆ ಬ್ಯಾಂಕಲ್ಲಿ ತಗೊಳ್ಳಲ್ಲ. ರಸೀದಿ ಕೊಡು."

"ಮುಯ್ಯಿಗೆ ಯಾರಾದ್ರೂ ರಸೀದಿ ಇಟ್ಕೋತಾರಾ ಅಕ್ಕ? ನೀನು ಬಿಂದಿಗೆ ಕೊಟ್ಟಾಗ ನಾನು ರಸೀದಿ ಬರ್ಕೊಟ್ನಾ?"

ಸೊಸೆ ಮೆಲ್ಲಗೆ ಕೇಳಿದಳು. "ಆವತ್ತು ಯಾರ ಕೈಗೆ ಕೊಟ್ರಿ ಆಂಟಿ, ಹೆಂಗೆ ಕೊಟ್ರಿ?" ಲೀಡರು ಮೊರ ಮತ್ತೆ ಎಳೆದುಕೊಂಡು, ಅವರೆಕಾಯಿ ಸುಲಿಯುತ್ತಲೇ ಹೇಳಿದಳು. ಅವಳ ಸ್ವಂತ ಕಂತೂ ಹಿಂದೆ ಬಿದ್ದಿತ್ತು. ಇಬ್ಬರದೂ ಸೇರಿಸಿ ಕೈಲಿದ್ದಷ್ಟು ಒಟ್ಟಿಗೆ ಕಲೆಕ್ಷನ್ನಿನವನಿಗೆ ಕೊಟ್ಟಳು. ಇದು ನಂದು, ಇದು ಅಕ್ಕಂದು ಎಂದು ಬೇರೆ ಮಾಡಿ ಹೇಳಲಿಲ್ಲ. ಕೊಟ್ಟವಳ ಹೆಸರಿಗೇ ಅವನು ಜಮಾ ಮಾಡಿಕೊಂಡ. ಅವಳ ಸಾಲ ತೀರಿತು. ನನ್ನದು ನಿಂತಿತು.

"ನಂದು ತೀರ್ತು ಅಂದಾಗ ನಿಂದೂ ತೀರ್ತು ಅನ್ಕೊಂಡೆ ಅಕ್ಕ."

ಅರ್ಧ ನಂಬಿದೆ. ಇನ್ನರ್ಧ ಇವತ್ತಿಗೂ ನಂಬಿಲ್ಲ.

"ಈಗ ಕೈಯಲ್ಲಿ ಏನೂ ಇಲ್ಲ. ನಿನ್ನ ಮೊಮ್ಮಗಳ ಮದುವೆಗೆ ಸೇರಿಸಿ ಮುಯ್ಯಿ ಮಾಡ್ತೀನಿ ಬಿಡು" ಎಂದಳು.

"ನಿನ್ನ ಮುಯ್ಯಿಯಿಂದ ಮೂರು ಊರು ಸುತ್ತಿದೀನಿ. ನನ್ನ ಮೊಮ್ಮಗಳ ಮದುವೆಗೆ ಊಟ ಮಾಡ್ಕೊಂಡು ಹೋಗು, ಸಾಕು."

ಅವಳು ನಕ್ಕಳು. ನಾನು ನಗಲಿಲ್ಲ. ಹೊರಡುವಾಗ ಅವರೆಕಾಯಿ ಕಟ್ಟಿಕೊಟ್ಟಳು, ತೆಗೆದುಕೊಂಡೆ. ಅಷ್ಟಾದರೂ ವಸೂಲಾಗಲಿ.

ಬಸ್ಸಿನಲ್ಲಿ ಸೊಸೆ ಹೇಳಿದಳು, ಸಾಲ ನಿಜವಾಗಿಯೂ ಬಾಕಿ ಇರುವುದರಿಂದ ತಕರಾರಿಗೆ ದಾರಿಯಿಲ್ಲ, ಕಟ್ಟಲೇಬೇಕು. ಕಟ್ಟಿದರೂ ಸ್ಕೋರು ಮೇಲೆ ಬರಲು ತಿಂಗಳುಗಳೇ ಬೇಕು. ಯುಗಾದಿಯೊಳಗೆ ಹಸು ಬರುವುದಿಲ್ಲ ಎಂದು ತಿಳಿಯಲು ಮೂರನೇ ಕ್ಲಾಸಿನ ಲೆಕ್ಕ ಸಾಕಾಯಿತು.

ಮಾರನೆಯ ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದು, ಶ್ರೀನಿವಾಸಪುರದವನಿಗೆ ಫೋನ್ ಮಾಡಿಸಿದೆ. "ಹಸು ಬೇರೆಯವರಿಗೆ ಕೊಟ್ಬಿಡಪ್ಪ" ಎಂದೆ. ಆಮೇಲೆ ಹಸುವಿಗೆಂದು ಇಟ್ಟಿದ್ದ ದುಡ್ಡನ್ನು ಸೆರಗಿಗೆ ಕಟ್ಟಿಕೊಂಡು ಕೋಲಾರದ ಫೈನಾನ್ಸ್ ಆಫೀಸಿಗೆ ಹೋದೆ. ಸೊಸೆ ಒಂದು ದಿನ ರಜೆ ಹಾಕಿ ಜೊತೆಗೆ ಬಂದಳು.

ಕೌಂಟರಿನವನು ನನ್ನ ಲೆಕ್ಕ ನೋಡಿ ದನಿ ಇಳಿಸಿದ. "ಹಳೇ ಬಾಕಿ ಅಜ್ಜಿ. ಒಂದಿಷ್ಟು ಕಟ್ಟಿ, ಸೆಟ್ಲ್‌ಮೆಂಟ್ ಮಾಡ್ಕೊಡ್ತೀನಿ. ಉಳಿದಿದ್ದು ಬಿಟ್ಬಿಡ್ತೀವಿ."

ನನಗೆ ಮಾಲೂರಿನ ಟೀ ನೆನಪಾಯಿತು. ಸೊಸೆಯ ಮುಖ ನೋಡಿದೆ. ಅವಳು ತಲೆ ಅಲ್ಲಾಡಿಸಿದಳು. "ಹಂಗೆ ಮಾಡಿದ್ರೆ ಪೂರ್ತಿ ಕಟ್ಟಲಿಲ್ಲ ಅಂತ ಅದನ್ನೂ ಬರ್ದಿಡ್ತಾರೆ ಅತ್ತೆ."

ಪೂರ್ತಿ ಕಟ್ಟಿದೆ. ಅವನು ರಸೀದಿ ಕೊಟ್ಟ. ಸಾಲ ತೀರಿದೆ ಎನ್ನುವ ಕಾಗದವೂ ಬೇಕೆಂದೆ. ನಾಳೆ ಬನ್ನಿ ಎಂದ. ಇಲ್ಲೇ ಕೂತಿರ್ತೀನಿ ಎಂದೆ. ಕೂತೆ. ಮಧ್ಯಾಹ್ನ ಆಗುವಷ್ಟರಲ್ಲಿ ಸೀಲು ಹಾಕಿ ತಂದುಕೊಟ್ಟ.

"ಇದರಲ್ಲಿ ಯಾರ ಹೆಸರಿದೆ, ಓದಪ್ಪ" ಎಂದೆ.

ನನ್ನ ಹೆಸರು ಓದಿದ.

"ಇನ್ನೊಂದ್ಸಲ ಓದು" ಎಂದೆ.