ಕೂಗದ ತವರ

ಮೈಸೂರು ಸೀಮೆಯಿಂದ ಬಂದು ನೀಲಗಿರಿಯ ಕಟ್ಟಬೆಟ್ಟುವಿನಲ್ಲಿ ಉಪ್ಪು, ಬೆಲ್ಲದ ಅಂಗಡಿ ಇಟ್ಟಿದ್ದ ಸಿದ್ದಯ್ಯನ ಹೆಂಡತಿ ಬಂಗಾರಮ್ಮ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಹಾಲಿಗೆ ಬೆರಳದ್ದಿ ನೋಡದೆ ಪಾತ್ರೆ ಒಳಗೊಯ್ಯುತ್ತಿರಲಿಲ್ಲ. ಮಗಳು ರಾಜಾಮಣಿಗೆ ಕೆಲವು ತಿಂಗಳಿಂದ ಹೊಟ್ಟೆನೋವು ಬರುತ್ತಿತ್ತು. ಬಂಗಾರಮ್ಮ ಶಾಲೆಯ ಬಾವಿಯನ್ನು ಬೈದು, ನೀರನ್ನೂ ಮನೆಯಿಂದಲೇ ಕಳಿಸುತ್ತಿದ್ದಳು.

೧೯೨೬ರ ಸುಮಾರಿಗೆ ಆ ಹುಡುಗಿ ಮಕ್ಕಳ ರಸಾಯನಶಾಸ್ತ್ರದ ಪುಸ್ತಕವೊಂದನ್ನು ಶಾಲೆಯಿಂದ ಮನೆಗೆ ತಂದಳು. ಚಿನ್ನ, ಬೆಳ್ಳಿ, ತಾಮ್ರ, ಗಂಧಕ ಎಲ್ಲವೂ ಮೂಲವಸ್ತುಗಳೆಂದು ಅದರಲ್ಲಿತ್ತು. ಅವನ್ನು ಗುರುತಿಸುವ ಬಗೆಯೂ ಇತ್ತು. ಚಿನ್ನದ ಹೆಸರು ಕಂಡದ್ದೇ ತಾಯಿಗೆ ಅನುಮಾನ ಹತ್ತಿತು. ನೆಟ್ಟಗೆ ಮೇಷ್ಟರು ಮಹಾಲಿಂಗಂ ಅವರ ಮುಂದೆ ಹೋಗಿ ನಿಂತಳು.

“ಯಾರ ಮನೇಲಿ ಎಷ್ಟು ಒಡವೆ ಅದೆ ಅಂತ ಮಕ್ಕಳ ಬಾಯಿಂದ ತಿಳ್ಕೊಳ್ಳಕ್ಕಾ ಈ ಪಾಠ, ಮೇಷ್ಟ್ರೇ?”

ಮೇಷ್ಟರು ನಗಲಿಲ್ಲ. “ನಿಮಗೆ ಓದು ಬರುತ್ತಲ್ಲಮ್ಮ. ನೀವೇ ಓದಿ. ಸುಳ್ಳಿದ್ದರೆ ತೋರಿಸಿ.”

ಸುಳ್ಳು ಹುಡುಕಲೆಂದೇ ಬಂಗಾರಮ್ಮ ಮಗಳ ಪಕ್ಕ ಕುಳಿತು ಓದಿದಳು. ತವರದ ಪಾಠದಲ್ಲಿ ಸಿಕ್ಕಿತು ಅನ್ನಿಸಿತು. ತವರದ ಸಲಾಕೆ ಬಗ್ಗಿಸಿದರೆ ಕಿರ್ರೆಂದು ಕೂಗುತ್ತದಂತೆ! ಸೀಸ ಬೆರೆತರೆ ಸುಮ್ಮನಿರುತ್ತದಂತೆ, ಕಾಗದದ ಮೇಲೆ ಕಪ್ಪು ಗೆರೆ ಎಳೆಯುತ್ತದಂತೆ. ಸೀಸ ಹುಳಿಯಲ್ಲಿ ಕರಗುತ್ತದಂತೆ, ಹೊಟ್ಟೆಗೆ ಹೋದರೆ ಕೈಗಳ ಬಲ ಕುಂದಿಸುವ ವಿಷವಂತೆ.

“ಲೋಹ ಎಲ್ಲಾದ್ರೂ ಕೂಗ್ತದಾ?” ಎಂದಳು.

ಪಾತ್ರೆಗಳ ಒಳಮೈಗೆ ತವರದ ಕಲಾಯಿ ಹಾಕುವ ಆರುಮುಗಂ ಮತ್ತೆ ಬಂದ ದಿನ ಅವನ ಸಲಾಕೆ ಕಿತ್ತುಕೊಂಡು ಬಗ್ಗಿಸಿದಳು. ಸದ್ದಿಲ್ಲ. ಪುಸ್ತಕ ಸುಳ್ಳೆಂದು ಹಿಗ್ಗಿದಳು. ಆಮೇಲೆ ಕಾಗದಕ್ಕೆ ಉಜ್ಜಿದಳು. ಕಪ್ಪು ಗೆರೆ ಬಿತ್ತು. ಅವನು ಹಿಂದೆ ಹಾಕಿದ ಕಲಾಯಿಯ ಪಾತ್ರೆಯಲ್ಲೇ ದಿನಾ ಹುಣಸೆಹುಳಿ ಕುದಿಯುತ್ತಿದ್ದದ್ದು ನೆನಪಾಗಿ ಸಲಾಕೆಯನ್ನು ಅವನ ಮುಂದೆ ಎಸೆದಳು.

“ಕಳ್ಳ! ನನ್ನ ಮಗಳಿಗೆ ವಿಷ ಹಾಕಿ ಹೊಟ್ಟೆನೋವು ತರಿಸಿದ್ಯಲ್ಲೋ!” ಬೀದಿಯವರೆಲ್ಲ ಸೇರಿದರು.

“ಐಯೋ ಅಮ್ಮಾ, ತವರಂ ಅಂತಲೇ ಊಟಿ ಸಂತೇಲಿ ಕೊಟ್ಟರು.”

“ನಂಬಬೇಕಾ ನಾನು?”

ಆರುಮುಗಂ ಬಲಗೈ ಚಾಚಿದ. ಮಣಿಕಟ್ಟು ಜೋತುಬಿದ್ದಿತ್ತು, ಎತ್ತಲು ನೋಡಿದರೂ ಏಳಲಿಲ್ಲ. “ಇಕ್ಕಳ ಹಿಡಿಯೋಕೆ ಆಗ್ತಿಲ್ಲಮ್ಮಾ. ಹೊಟ್ಟೆನೋವು ನನಗೂ ಇದೆ. ನಾನೂ ಇದೇ ಕಲಾಯಿ ಪಾತ್ರೇಲಿ ತಾನೇ ಉಣ್ಣೋದು?”

ಬಂಗಾರಮ್ಮ ಬೈದದ್ದಕ್ಕೆ ತಪ್ಪಾಯಿತು ಎನ್ನಲಿಲ್ಲ. ಅವನನ್ನು ಒಳಗೆ ಕರೆದು ಮಣ್ಣಿನ ಮಡಕೆಯಲ್ಲಿ ಮಾಡಿದ ಗಂಜಿ ಬಡಿಸಿದಳು.

ಬೀದಿಯ ಪಾತ್ರೆಗಳ ಹಳೆಯ ಕಲಾಯಿಯನ್ನೆಲ್ಲ ಕೆರೆದು ತೆಗೆದದ್ದಾಯಿತು. ಸಿದ್ದಯ್ಯ ಕೊಯಮತ್ತೂರಿನಿಂದ ಒಳ್ಳೆಯ ತವರ ತರಿಸಿದ. ಹೆಂಡತಿ ಅದನ್ನು ಬಗ್ಗಿಸಿದಾಗ ಕಿರ್ರೆಂದದ್ದಕ್ಕೆ ಬೆಚ್ಚಿ ಕೆಳಗೆ ಹಾಕಿಬಿಟ್ಟಳು. ಮಳೆಗಾಲ ಕಳೆಯುವ ಹೊತ್ತಿಗೆ ರಾಜಾಮಣಿಯ ನೋವು ನಿಂತಿತು. ಆರುಮುಗನ ಕೈ ಮಾತ್ರ ಪೂರ್ತಿ ಸರಿಹೋಗಲಿಲ್ಲ. ಅವನ ಹೆಂಡತಿ ವಳ್ಳಿ ಕಲಾಯಿ ಹಾಕುವುದನ್ನು ಕಲಿತಳು. ಅವನು ಪಕ್ಕದಲ್ಲಿ ಕುಳಿತು ಎಡಗೈಯಿಂದ ಬೆಂಕಿಗೆ ತಿದಿ ಒತ್ತುತ್ತಿದ್ದ.