ಉಣುಗಿನ ಎಣ್ಣೆ ಮತ್ತು ಬಾಣಂತಿ ಬೆಕ್ಕು

ನಮ್ಮ ಮನೆಯ ಮುಂಬಾಗಿಲ ಪಕ್ಕದ ಗೂಡಿನಲ್ಲಿ ದೀಪವಿಲ್ಲ, ಉಣುಗಿನ ಎಣ್ಣೆಯ ಬಾಟಲಿಯಿದೆ. ಕ್ಯಾಸನೂರಿನ ಕಾಡಂಚಿನಲ್ಲಿ ವಾಸಿಸುವವರಿಗೆ ಇದು ವಿಚಿತ್ರವೇನಲ್ಲ. ಮಂಗನ ಕಾಯಿಲೆ ತರುವ ಉಣುಗು ಮೈಗೆ ಹತ್ತದಿರಲೆಂದು ಕಾಡಿಗೆ ಹೋಗುವವರು ಕೈಕಾಲಿಗೆ ಬಳಿದುಕೊಳ್ಳುವ ಎಣ್ಣೆ ಅದು. ನಮ್ಮ ಯಜಮಾನರಾದರೋ ಕ್ಷೌರದಂಗಡಿಗೆ ಹೋಗುವಾಗಲೂ ಬಳಿದುಕೊಳ್ಳುತ್ತಾರೆ. ಶಿಕಾರಿಪುರದ ಬಯಲಿನಿಂದ ಇಲ್ಲಿಗೆ ಸೊಸೆಯಾಗಿ ಬಂದ ನಾನು ಮೊದಮೊದಲು ನಗುತ್ತಿದ್ದೆ. ಈಗ ನನಗೂ ಅದೇ ಪರಿಮಳ.

ಹೋದ ತಿಂಗಳು ನಮ್ಮ ಬೆಕ್ಕು, ಊಟದ ಹೊತ್ತಿಗೆ ಮಾತ್ರ ತಪಾಸಣೆಗೆ ಬರುವುದರಿಂದ 'ಮೇಡಂ' ಎನಿಸಿಕೊಂಡವಳು, ಬೀರುವಿನ ಕೆಳಖಾನೆಯಲ್ಲಿ ಮೂರು ಮರಿ ಹಾಕಿದಳು. ಹಾಸಿಗೆಗೆ ಅವಳು ಆರಿಸಿಕೊಂಡದ್ದು, ಹುಟ್ಟಲಿರುವ ಮೊಮ್ಮಗುವಿನ ನಾಮಕರಣಕ್ಕೆಂದು ಯಜಮಾನರು ಎತ್ತಿಟ್ಟಿದ್ದ ರೇಷ್ಮೆ ಪಂಚೆ. "ಕಾಡೆಲ್ಲ ಸುತ್ತಿ ಬರೋಳು ಕಣೇ, ಉಣುಗು ತಂದಿರ್ತಾಳೆ" ಎನ್ನುತ್ತ ಅವರು ಮೊಣಕೈವರೆಗೆ ಎಣ್ಣೆ ಬಳಿದುಕೊಂಡು ಮರಿಗಳನ್ನು ಬುಟ್ಟಿಗೆ ವರ್ಗ ಮಾಡಿದರು. ನಾನೇನು ಕಡಿಮೆ? ನಾನೂ ಎಣ್ಣೆಗೈಯಲ್ಲಿ ಒಂದೊಂದನ್ನೂ ಎತ್ತಿ, ಹೊಟ್ಟೆ ಬೆನ್ನೆಲ್ಲ ಸವರಿ ಉಣುಗು ಹುಡುಕಿದೆ.

ಮೇಡಂ ಬಂದಳು, ಬುಟ್ಟಿಗೆ ಮೂಗಿಟ್ಟಳು, ಸೀನಿದಳು, ಸೌದೆ ರಾಶಿಯ ಮೇಲೆ ಹೋಗಿ ಬೆನ್ನು ತಿರುಗಿಸಿ ಕುಳಿತಳು. ಎಷ್ಟು ಕರೆದರೂ ಇಳಿಯಲಿಲ್ಲ. "ಇವಳಿಗೇ ಜ್ವರ. ಇಲ್ಲಾಂದ್ರೆ ಹೆತ್ತೋಳು ಹೀಗೆ ಮಾಡ್ತಾಳಾ?" ಎಂದರು ಯಜಮಾನರು. ಜ್ವರವೆಂದ ಮೇಲೆ ಇನ್ನೊಂದು ಸುತ್ತು ಎಣ್ಣೆ. ಮತ್ತೆ ಮರಿಗಳ ಉಪಚಾರ. ಅಷ್ಟರಲ್ಲಿ ಎಲ್ಲಕ್ಕಿಂತ ಸಣ್ಣದು ಕೂಗುವುದನ್ನೇ ನಿಲ್ಲಿಸಿತು. ಮುಟ್ಟಿದರೆ ತಣ್ಣಗೆ.

ಸೊರಬದ ಪಶುವೈದ್ಯೆಗೆ ಫೋನು ಮಾಡಿದೆವು. "ತಣ್ಣಗಾದ ಮರಿಗೆ ಹಾಲು ಹಾಕ್ಬೇಡ್ರೀ. ಮೊದ್ಲು ಬೆಚ್ಚಗೆ ಮಾಡಿ, ತಾಯಿನೂ ಜೊತೆಗೇ ಕರ್ಕೊಂಡು ಬನ್ನಿ" ಎಂದರು. ಬಿಸಿನೀರಿನ ಬಾಟಲಿಗೆ ಹಳೆಯ ಸೀರೆ ಸುತ್ತಿ ಮರಿಗಳ ನಡುವೆ ಇಟ್ಟುಕೊಂಡು ಹೊರಟೆವು. ಅಲ್ಲಿ ಮೇಡಂನ ಬಾಲದಡಿಗೆ ಥರ್ಮಾಮೀಟರು ಇಡುವಾಗ ಯಜಮಾನರು ಮರ್ಯಾದೆಯಿಂದ ಗೋಡೆಯ ಕ್ಯಾಲೆಂಡರು ನೋಡತೊಡಗಿದರು.

"ಜ್ವರ ಇಲ್ಲ, ಗಟ್ಟಿಮುಟ್ಟಾಗಿದಾಳೆ" ಎಂದ ವೈದ್ಯೆ ಬುಟ್ಟಿಗೆ ಬಗ್ಗಿದವರು ತಟ್ಟನೆ ಮೂಗು ಮುಚ್ಚಿಕೊಂಡರು. "ಮರಿಗೆ ಏನ್ರೀ ಹಚ್ಚಿದೀರಾ?"

"ಮರಿಗಲ್ಲ ಡಾಕ್ಟ್ರೇ, ನಮ್ಮ ಕೈಗೆ."

"ಸರಿಹೋಯ್ತು. ಇವು ತನ್ನ ಮಕ್ಳು ಅಂತ ಅವಳಿಗೆ ಗೊತ್ತಾಗೋದಾದ್ರೂ ಹೇಗೆ?"

ಬೆಚ್ಚನೆಯ ಒದ್ದೆ ಬಟ್ಟೆಯಲ್ಲಿ ಮರಿಗಳನ್ನು ಒರೆಸಿ ಒಣಗಿಸಿ, ತಾಯಿ ಮಲಗಿದ್ದ ಬಟ್ಟೆಯಲ್ಲೇ ಸುತ್ತಿಡಬೇಕೆಂದರು. ತಾಯಿ ಮಲಗಿದ್ದ ಬಟ್ಟೆ! ಯಜಮಾನರು ನನ್ನ ಮುಖ ನೋಡಿದರು, ನಾನು ಕ್ಯಾಲೆಂಡರು ನೋಡಿದೆ. ಮನೆಗೆ ಬಂದು ಇಬ್ಬರೂ ಸೀಗೆಪುಡಿ ಹಾಕಿ ಕೈ ಉಜ್ಜಿಕೊಂಡು, ಮರಿಗಳನ್ನು ಒರೆಸಿ ಒಣಗಿಸಿದೆವು. ರೇಷ್ಮೆ ಪಂಚೆಯನ್ನು ಅವರೇ ತಂದು ಬುಟ್ಟಿಗೆ ಹಾಸಿದರು. ಬಾಗಿಲ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತೆವು. ಮೇಡಂ ಬಂದು ಮೂಸಿದಳು, ಮತ್ತೆ ಮೂಸಿದಳು, ಆ ಸಣ್ಣದನ್ನೇ ಮೊದಲು ನೆಕ್ಕಿದಳು. ಅದು ಕೀಂ ಎಂದಿತು. ಯಜಮಾನರ ಕಣ್ಣಲ್ಲಿ ನೀರು. ಪಂಚೆಗಾಗಿ ಅಲ್ಲ ಎಂದೇ ನಾನು ನಂಬಿದ್ದೇನೆ.

ನೋಡಿ, ನನ್ನ ಬಾಣಂತನವೂ ಹೀಗೇ ಇತ್ತು. ಶಿಕಾರಿಪುರದ ತವರಿನಲ್ಲಿ ಸಾಂಬ್ರಾಣಿ ಹೊಗೆ, ಮುಚ್ಚಿದ ಕಿಟಕಿ, ಮಗುವನ್ನು ಎತ್ತಲು ಸಾಲುಗಟ್ಟಿದ ಅತ್ತೆ ಚಿಕ್ಕಮ್ಮಂದಿರು. ಎಲ್ಲರದೂ ಪ್ರೀತಿಯೇ, ಅನುಮಾನವಿಲ್ಲ. ಆದರೆ ಕೂಸು ನನ್ನ ಮಡಿಲಿಗೆ ಬರುವಷ್ಟರಲ್ಲಿ ಊರವರ ವಾಸನೆಯೆಲ್ಲ ಹೊತ್ತು ಬರುತ್ತಿತ್ತು. ಸೌದೆ ರಾಶಿಯೊಂದಿದ್ದರೆ ನಾನೂ ಹತ್ತಿ ಕೂರುತ್ತಿದ್ದೆನೇನೋ.

ಆ ಕೂಸೇ ಈಗ ಹೆರಿಗೆಗೆ ನಮ್ಮಲ್ಲಿಗೆ ಬರುವವಳಿದ್ದಾಳೆ. ಎಣ್ಣೆ ಬಾಟಲಿ ಗೂಡಿನಿಂದ ಗೇಟಿನ ಕಂಬಕ್ಕೆ ಹೋಗಿದೆ, ಕಾಡಿಗೆ ಹೋಗುವವರಿಗಷ್ಟೇ. ನಾವಿಬ್ಬರೂ ದಿನಾ ಕೈ ತೊಳೆದುಕೊಂಡು ಬೆಕ್ಕಿನ ಬುಟ್ಟಿಯಿಂದ ಒಂದು ಮಾರು ದೂರದಲ್ಲಿ, ಏನನ್ನೂ ಮುಟ್ಟದೆ ಕೂರುವ ಅಭ್ಯಾಸ ಮಾಡುತ್ತಿದ್ದೇವೆ. ಬಹಳ ಕಷ್ಟ ಕಣ್ರೀ.